ನಿದ್ದೆಗೆಟ್ಟರೆ ಮರೆವು ಬರುತ್ತಾ ಡಾಕ್ಟ್ರೇ?

ಹೋದ ತಿಂಗಳು ಇದೇ ಅಂಕಣದಲ್ಲಿ ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ ಬಗ್ಗೆ ಬರೆದಾಗ ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೆ: ನಿದ್ದೆಗೂ ಇದಕ್ಕೂ ನಂಟಿದೆ, ಇನ್ನೊಮ್ಮೆ ಹೇಳುತ್ತೇನೆ ಅಂತ. ಬಂದ ಪತ್ರ ನೋಡಿದರೆ ಆ ಒಂದು ಸಾಲೇ ಎಷ್ಟೋ ಜನರ ನಿದ್ದೆ ಕೆಡಿಸಿದ ಹಾಗಿದೆ. ತಪ್ಪು ನನ್ನದೇ. ಎಲ್ಲದಕ್ಕೂ ಉತ್ತರಿಸಲು ಜಾಗ ಇಲ್ಲ, ಒಂದೇ ಥರದವನ್ನು ಸೇರಿಸಿ ಎಂಟು ಆರಿಸಿದ್ದೇನೆ. ಕೆಲವರು ಹೆಸರು ಬೇಡ ಅಂದಿದ್ದರು. ಉಳಿದವರದ್ದು ನಾನೇ ಬಿಟ್ಟೆ.

ಪ್ರಶ್ನೆ: ನನಗೆ 51. ಐಟಿ ಕೆಲಸ. ಅಮೆರಿಕದವರ ಜೊತೆ ಕಾಲ್ ಮುಗಿಯುವಾಗ ರಾತ್ರಿ ಹನ್ನೆರಡೂವರೆ, ಬೆಳಗ್ಗೆ ಆರಕ್ಕೆ ಮಗಳ ಕಾಲೇಜ್ ಬಸ್ಸು. ಇಪ್ಪತ್ತು ವರ್ಷದಿಂದ ಐದು ಗಂಟೆಗಿಂತ ಜಾಸ್ತಿ ಮಲಗಿದ್ದಿಲ್ಲ. ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ಡಿಮೆನ್ಶಿಯಾ 30 ಪರ್ಸೆಂಟ್ ಗ್ಯಾರಂಟಿ ಅಂತ ವಾಟ್ಸಾಪ್‌ನಲ್ಲಿ ಬಂತು. ಮೊನ್ನೆ ಕಾರಿನ ಕೀ ಫ್ರಿಜ್ಜಿನಲ್ಲಿ ಸಿಕ್ಕಿತು. ಶುರುವಾಯಿತಾ? — ಬೆಂಗಳೂರು

ಉತ್ತರ: ಕೀ ವಿಷಯ ಮೊದಲು ಮುಗಿಸೋಣ. ಐದು ಗಂಟೆ ಮಲಗಿದವರ ಕೈ ಹಾಲಿನ ಪ್ಯಾಕೆಟ್ ಜೊತೆ ಕೀಯನ್ನೂ ಒಳಗಿಡುತ್ತದೆ. ಅದು ಗಮನ ತಪ್ಪಿದ್ದು. ನೆನಪು ಹೋಗಿದ್ದಲ್ಲ. ದಾರಿ ತಪ್ಪುವುದು, ಹೇಳಿದ್ದನ್ನೇ ಹತ್ತು ನಿಮಿಷಕ್ಕೊಮ್ಮೆ ಹೇಳುವುದು, ಬ್ಯಾಂಕಿನ ಲೆಕ್ಕ ಎಡವಟ್ಟಾಗುವುದು, ಇವೆಲ್ಲ ಬೇರೆ ಜಾತಿಯ ಮರೆವು.

ಇನ್ನು 30 ಪರ್ಸೆಂಟ್. ಆ ಅಂಕಿ ಸುಳ್ಳಲ್ಲ, ಓದಿದ ರೀತಿ ತಪ್ಪು. ಅದು ಬಂದಿದ್ದು ಲಂಡನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ವೈಟ್‌ಹಾಲ್ ಅಧ್ಯಯನದಿಂದ. 7,959 ಜನರನ್ನು 25 ವರ್ಷ ಬಿಡದೆ ನೋಡಿದರು, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಷ್ಟು ಜನರಲ್ಲಿ 521 ಮಂದಿಗೆ ಡಿಮೆನ್ಶಿಯಾ ಬಂತು, ಅಂದರೆ ನೂರಕ್ಕೆ ಆರೇಳು. 50, 60, 70 ಮೂರೂ ವಯಸ್ಸಿನಲ್ಲಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುತ್ತಿದ್ದವರಲ್ಲಿ, ಏಳು ಗಂಟೆ ಮಲಗುವವರಿಗೆ ಹೋಲಿಸಿದರೆ, ಅಪಾಯ 30 ಪರ್ಸೆಂಟ್ ಜಾಸ್ತಿ ಇತ್ತು. ನೂರಕ್ಕೆ 30 ಜನ ಅಲ್ಲ. ಆರೇಳು ಇದ್ದದ್ದು ಎಂಟೊಂಬತ್ತು ಆಯಿತು ಅಂತ ಅಂದಾಜಿಗೆ ಇಟ್ಟುಕೊಳ್ಳಿ. ಹಗುರವಾಗಿ ನೋಡುವ ವಿಷಯವೂ ಅಲ್ಲ, ಜಾತಕದಲ್ಲಿ ಬರೆದಿಟ್ಟ ಹಾಗೂ ಅಲ್ಲ.

ಇಲ್ಲೊಂದು ತೊಡಕಿದೆ, ಮುಂದಿನ ಉತ್ತರಗಳಲ್ಲೂ ಇದು ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ಈಗಲೇ ಹೇಳಿಬಿಡುತ್ತೇನೆ. ಡಿಮೆನ್ಶಿಯಾಗಳಲ್ಲೇ ಹೆಚ್ಚು ಕಾಣುವ ಅಲ್ಝೈಮರ್ ಕಾಯಿಲೆ ಕಣ್ಣಿಗೆ ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮೆದುಳಿನೊಳಗೆ ಕೆಲಸ ಶುರು ಮಾಡಿರುತ್ತದೆ. ಅದು ಮೊದಮೊದಲು ಕೈ ಹಾಕುವ ಜಾಗಗಳಲ್ಲಿ ನಿದ್ದೆ ನೋಡಿಕೊಳ್ಳುವ ಜಾಗವೂ ಸೇರಿದೆ. ಹಾಗಾದರೆ ನಿದ್ದೆ ಕೆಟ್ಟಿದ್ದಕ್ಕೆ ಕಾಯಿಲೆ ಬಂತೋ, ಕಾಯಿಲೆ ಬರುತ್ತಿರುವುದಕ್ಕೆ ನಿದ್ದೆ ಕೆಟ್ಟಿತೋ? 70ನೇ ವಯಸ್ಸಿನಲ್ಲಿ ಕೇಳಿದರೆ ಬಿಡಿಸಲು ಕಷ್ಟ. ವೈಟ್‌ಹಾಲ್‌ನವರು 50ರಿಂದಲೇ ಕೇಳಿದ್ದರಿಂದ ಅದಕ್ಕೆ ಬೆಲೆ. ಆದರೂ ಕಡಿಮೆ ನಿದ್ದೆಯೇ ಕಾರಣ ಅಂತ ಕೋರ್ಟಿನಲ್ಲಿ ಸಾಬೀತು ಮಾಡುವ ಮಟ್ಟಕ್ಕೆ ಅದು ಹೋಗಿಲ್ಲ. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ, ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿ, ಇವೆಲ್ಲ ಸೇರಿ ಜಗತ್ತಿನ ಡಿಮೆನ್ಶಿಯಾದ ಸುಮಾರು 45 ಪರ್ಸೆಂಟಿಗೆ ಹೊಣೆ ಅಂದಿತು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಕಿವಿ ಕೇಳದಿರುವುದು, ಸಿಗರೇಟು, ಒಂಟಿತನ, ಹೊಗೆ ತುಂಬಿದ ಗಾಳಿ ಎಲ್ಲ ಅದರಲ್ಲಿದೆ. ನಿದ್ದೆ ಇಲ್ಲ. ನಿದ್ದೆ ಮುಖ್ಯವಲ್ಲ ಅಂತಲ್ಲ, ಪುರಾವೆ ಇನ್ನೂ ಗಟ್ಟಿಯಾಗಿಲ್ಲ ಅಂತ.

ಲಂಡನ್ನಿನವರ ಲೆಕ್ಕ ನಮಗೆ ಹೊಂದುತ್ತದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಅಂತ ದೇಶವ್ಯಾಪಿ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಸುತ್ತಲಿನ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಜನರನ್ನು ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದವರು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದ್ದಾರೆ. ರಾಗಿ ತಿಂದು ಮಾವಿನ ತೋಟದಲ್ಲಿ ದುಡಿದವರ ಮೆದುಳು ಹೇಗೆ ಮುಪ್ಪಾಗುತ್ತದೆ ಅಂತ ಗೊತ್ತಾಗುವುದು ಅಲ್ಲಿಂದಲೇ. ವೈಟ್‌ಹಾಲ್ ಗುಮಾಸ್ತರಿಂದ ಅಲ್ಲ.

ನಿಮಗೆ ನನ್ನ ಸಲಹೆ? ನಿಮ್ಮದು ನಿದ್ದೆ ಬಾರದ ಕಾಯಿಲೆ ಅಲ್ಲ, ನಿದ್ದೆಗೆ ಟೈಮ್ ಕೊಡದ ಕೆಲಸ. ಮಾತ್ರೆ ಬೇಡ. ವಾರದಲ್ಲಿ ಎರಡು ಕಾಲ್ ಆದರೂ ಬೇಗ ಮುಗಿಯುವ ಹಾಗೆ ಮಾಡಿಸಿಕೊಳ್ಳಿ, ಮಗಳ ಬಸ್ಸನ್ನು ಮನೆಯಲ್ಲಿ ಬೇರೆ ಯಾರಾದರೂ ನೋಡಿಕೊಳ್ಳಲಿ. ಆರೂವರೆ ಗಂಟೆ ಸಿಕ್ಕರೆ ಫ್ರಿಜ್ಜಿನಲ್ಲಿ ಕೀ ಸಿಗುವುದು ತಾನಾಗಿ ಕಡಿಮೆಯಾಗುತ್ತದೆ. ಬಿಪಿ ನೋಡಿಸಿಕೊಂಡು ಎಷ್ಟು ವರ್ಷವಾಯಿತು? ಪತ್ರದಲ್ಲಿ ಅದನ್ನು ಬರೆದೇ ಇಲ್ಲ ನೀವು.

ಪ್ರಶ್ನೆ: ನಾನು ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಮಲಗಿದಾಗ ಮೆದುಳು ತನ್ನ ಕಸ ತಾನೇ ತೊಳೆದುಕೊಳ್ಳುತ್ತದೆ ಅಂತ ಓದಿ ಮಕ್ಕಳಿಗೂ ಹೇಳಿಬಿಟ್ಟೆ. ಈಗ ಒಬ್ಬ ಹುಡುಗ ಅದು ಸುಳ್ಳಂತೆ ಮಿಸ್ ಅಂತ ಮೊಬೈಲ್ ತೋರಿಸುತ್ತಿದ್ದಾನೆ. ಯಾವುದು ಖರೆ? — ಧಾರವಾಡ

ಉತ್ತರ: ನಿಮ್ಮೂರಿನ ಖಾನಾವಳಿ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಒಮ್ಮೆ ನಿಂತು ನೋಡಿ. ಗಿರಾಕಿ ಕೂತಿರುವಾಗ ನೆಲ ತೊಳೆಯಲು ಆಗುವುದಿಲ್ಲ. ಕೊನೆಯವರು ಎದ್ದ ಮೇಲೆ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕುತ್ತಾರೆ, ಆಮೇಲೆ ಬಕೆಟ್ ನೀರು. ಜಾಗ ಆದರೆ ತಾನೇ ನೀರು ಓಡುವುದು? ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದ ಮೈಕನ್ ನೆಡರ್‌ಗಾರ್ಡ್ ತಂಡ 2013ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಇಲಿ ಮಲಗಿದಾಗ ಮೆದುಳಿನ ಜೀವಕೋಶಗಳ ನಡುವಿನ ಸಂದಿ ಸುಮಾರು 60 ಪರ್ಸೆಂಟ್ ಅಗಲವಾಗುತ್ತದೆ, ಆ ಸಂದಿಯಲ್ಲಿ ದ್ರವ ಹರಿದು ಬೀಟಾ ಅಮೈಲಾಯ್ಡ್ ಅನ್ನುವ ಕಸವನ್ನು ಎಳೆದೊಯ್ಯುತ್ತದೆ ಅಂತ. ಅಲ್ಝೈಮರ್ ರೋಗಿಗಳ ಮೆದುಳಿನಲ್ಲಿ ಗಂಟುಗಂಟಾಗಿ ಕೂರುವುದು ಇದೇ ಅಮೈಲಾಯ್ಡ್. ಕಥೆ ಎಷ್ಟು ಚೆನ್ನಾಗಿತ್ತು ಅಂದರೆ ಜಗತ್ತಿನ ಎಲ್ಲರೂ, ನಾನೂ ಸೇರಿ, ಭಾಷಣದಲ್ಲಿ ಬಳಸಿದೆವು.

2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಇಲಿಗಳ ಮೆದುಳಿಗೆ ಬಣ್ಣ ಬಿಟ್ಟು ನೋಡಿತು. ನಿದ್ದೆಯಲ್ಲಿ ಬಣ್ಣ ಬೇಗ ಹೋಗಬೇಕಿತ್ತಲ್ಲ, ನಿಧಾನವಾಗಿ ಹೋಯಿತು. ನಿಮ್ಮ ಹುಡುಗ ನೋಡಿದ್ದು ಇದನ್ನೇ ಇರಬೇಕು. ಎರಡೂ ಕಡೆಯವರು ನಿಮ್ಮ ಅಳೆಯುವ ವಿಧಾನ ಸರಿಯಿಲ್ಲ, ನಿಮ್ಮದು ಸರಿಯಿಲ್ಲ ಅಂತ ಜಗ್ಗಾಡುತ್ತಿದ್ದಾರೆ. ಜಗಳ ಮುಗಿದಿಲ್ಲ.

ಆದರೆ ತೊಳೆಯುವ ಜಗಳವನ್ನು ಪಕ್ಕಕ್ಕಿಟ್ಟರೂ ಉಳಿಯುವ ಸಂಗತಿ ಇದೆ. ಎಚ್ಚರ ಇದ್ದಷ್ಟು ಹೊತ್ತು ಅಮೈಲಾಯ್ಡ್ ಏರುತ್ತದೆ, ಮಲಗಿದಾಗ ಇಳಿಯುತ್ತದೆ ಅಂತ ಅಮೆರಿಕದ ಸೇಂಟ್ ಲೂಯಿಸ್‌ನವರು 2009ರಲ್ಲೇ ಇಲಿಗಳಲ್ಲಿ ತೋರಿಸಿದ್ದರು. ಮೆದುಳು ದುಡಿಯುವಾಗ ಈ ಕಸ ಹುಟ್ಟುವುದೇ ಜಾಸ್ತಿ, ಗಿರಾಕಿ ಇದ್ದಾಗ ಎಂಜಲೆಲೆ ಬೀಳುವ ಹಾಗೆ. 2018ರಲ್ಲಿ ಅಮೆರಿಕದಲ್ಲಿ 20 ಆರೋಗ್ಯವಂತರನ್ನು ಒಂದು ರಾತ್ರಿ ಎಚ್ಚರ ಇರಿಸಿ ಸ್ಕ್ಯಾನ್ ಮಾಡಿದರೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದಲ್ಲಿ ಅಮೈಲಾಯ್ಡ್ ಸುಮಾರು 5 ಪರ್ಸೆಂಟ್ ಏರಿತ್ತು. ಶಿವರಾತ್ರಿ ಜಾಗರಣೆ ಮಾಡುವವರು ಗಾಬರಿಯಾಗಬೇಡಿ, ಇದು ದಿನವೂ ಏರಿಳಿಯುವ ವಸ್ತು.

ಹುಡುಗನಿಗೆ ಬೈಯಬೇಡಿ. ಎರಡೂ ಕಥೆ ಬೋರ್ಡಿನ ಮೇಲೆ ಬರೆದು, ಯಾವ ಪ್ರಯೋಗ ಮಾಡಿದರೆ ತೀರ್ಮಾನ ಆಗುತ್ತದೆ ಅಂತ ಕ್ಲಾಸಿಗೇ ಕೇಳಿ.

ಪ್ರಶ್ನೆ: ನಮ್ಮ ಯಜಮಾನರು 56. ಅಕ್ಕಿ ವ್ಯಾಪಾರ. ತಲೆ ದಿಂಬಿಗೆ ಇಟ್ಟರೆ ಐದೇ ನಿಮಿಷಕ್ಕೆ ಗೊರಕೆ, ಒಂಬತ್ತು ಗಂಟೆ ಮಲಗುತ್ತಾರೆ. ಆದರೂ ಅಂಗಡಿಯಲ್ಲಿ ಕೂತಲ್ಲೇ ತೂಕಡಿಸುತ್ತಾರೆ, ಬಾಕಿ ಲೆಕ್ಕ ಮರೆಯುತ್ತಾರೆ. ನನಗೆ ನಿದ್ದೆ ಇಲ್ಲ, ಅವರಿಗಿದೆ. ಹಾಗಾದರೆ ಮರೆವು ನನಗಲ್ವಾ ಬರಬೇಕು? — ದಾವಣಗೆರೆ

ಉತ್ತರ: ಈ ರಾಶಿಯಲ್ಲಿ ನನಗೆ ತುಂಬ ಬೇಕಾದ ಪತ್ರ ಇದು. ಅಮ್ಮಾ, ನಿಮ್ಮ ಯಜಮಾನರು ಒಂಬತ್ತು ಗಂಟೆ ಮಲಗುತ್ತಿಲ್ಲ. ಒಂಬತ್ತು ಗಂಟೆ ಹಾಸಿಗೆಯಲ್ಲಿ ಇರುತ್ತಾರೆ, ಅಷ್ಟೇ.

ಕೆಲವು ವರ್ಷದ ಹಿಂದೆ ಒಬ್ಬ ಹೆಂಗಸು, ನಿಮ್ಮ ಹಾಗೇ ರೋಸಿಹೋದವರು, ರಾತ್ರಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತಂದು ನನ್ನ ಮೇಜಿನ ಮೇಲಿಟ್ಟರು. ಗಂಡ ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಗೊರಕೆ ಏರುತ್ತಾ ಏರುತ್ತಾ ಹೋಗಿ ಟಕ್ಕಂತ ನಿಂತಿತು. ಆಮೇಲೆ ಫ್ಯಾನಿನ ಸದ್ದು ಮಾತ್ರ. ನಾನು ಗೋಡೆ ಗಡಿಯಾರ ನೋಡುತ್ತಿದ್ದೆ. ಹತ್ತು ಸೆಕೆಂಡ್, ಇಪ್ಪತ್ತು, ಮೂವತ್ತು. 34ನೇ ಸೆಕೆಂಡಿಗೆ ಮುಳುಗಿದವನು ನೀರಿನಿಂದ ಮೇಲೆದ್ದ ಹಾಗೆ ಒಂದು ಗುಟುರು, ಮತ್ತೆ ಗೊರಕೆ. ಗಂಡನ ಮುಖ ಬಿಳಿಚಿಕೊಂಡಿತು. ಅವನು ತನ್ನ ಉಸಿರು ನಿಂತಿದ್ದನ್ನು ಮೊದಲ ಸಲ ಕೇಳಿಸಿಕೊಂಡಿದ್ದ.

ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಮಲಗಿದಾಗ ಗಂಟಲಿನ ಮಾಂಸ ಸಡಿಲವಾಗಿ ಗಾಳಿ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ, ಆ ಎಚ್ಚರ ಬೆಳಗ್ಗೆ ನೆನಪಿರುವುದಿಲ್ಲ. ಕನಿಷ್ಠ 10 ಸೆಕೆಂಡ್ ನಿಂತರೆ ಒಂದು ಸಲ ಅಂತ ಲೆಕ್ಕ. ಗಂಟೆಗೆ 5 ಸಲ ದಾಟಿದರೆ ಕಾಯಿಲೆ, 30 ದಾಟಿದರೆ ತೀವ್ರ. ಅಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಭುಜ ಅಲುಗಾಡಿಸಿ ಎಬ್ಬಿಸಿದ ಹಾಗೆ, ಇಡೀ ರಾತ್ರಿ. ಆಳವಾದ ನಿದ್ದೆ ಎಲ್ಲಿಂದ ಬರಬೇಕು? ಆ ಆಳದ ನಿದ್ದೆಯೇ ಮೆದುಳಿಗೆ ಬೇಕಾದದ್ದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 60 ದಾಟಿದ 346 ಜನರ ನಿದ್ದೆಯನ್ನು ಎರಡು ಸಲ, ಕೆಲವು ವರ್ಷದ ಅಂತರದಲ್ಲಿ, ತಂತಿ ಹಚ್ಚಿ ಅಳೆದು ಆಮೇಲೆ ಹಿಂಬಾಲಿಸಿದರು. ಆಳದ ನಿದ್ದೆ ವರ್ಷಕ್ಕೆ ಒಂದೊಂದು ಪರ್ಸೆಂಟ್ ಕಡಿಮೆಯಾದ ಹಾಗೆ ಡಿಮೆನ್ಶಿಯಾ ಅಪಾಯ 27 ಪರ್ಸೆಂಟ್ ಏರಿದ್ದು ಕಂಡಿತು. 2023ರ ಫಲಿತಾಂಶ ಅದು. ಸಣ್ಣ ಗುಂಪು ನಿಜ, ಆದರೆ ಬಾಯಿಮಾತಿನ ನಿದ್ದೆ ಲೆಕ್ಕ ಅಲ್ಲ.

ಇದರ ಜೊತೆಗೆ ಆಪ್ನಿಯಾ ಬಿಪಿ ಏರಿಸುತ್ತದೆ, ಶುಗರ್ ಹತೋಟಿಗೆ ಬರದ ಹಾಗೆ ಮಾಡುತ್ತದೆ. ಅವೆರಡೂ ಮೇಲೆ ಹೇಳಿದ 14ರ ಪಟ್ಟಿಯಲ್ಲಿವೆ. ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯದವರನ್ನು ನಾನು ಮೊದಲು ಕೇಳುವುದೇ ಗೊರಕೆ ಬಗ್ಗೆ.

ಏನು ಮಾಡಬೇಕು? ನೀವೂ ರೆಕಾರ್ಡ್ ಮಾಡಿ. ಜಗಳಕ್ಕಲ್ಲ, ಡಾಕ್ಟರಿಗೆ ತೋರಿಸಲು. ಇಎನ್‌ಟಿ ಅಥವಾ ಶ್ವಾಸಕೋಶ ತಜ್ಞರ ಹತ್ತಿರ ಹೋಗಿ ಸ್ಲೀಪ್ ಸ್ಟಡಿ, ಅಂದರೆ ಮಲಗಿದಾಗ ಉಸಿರಾಟ ಅಳೆಯುವ ಪರೀಕ್ಷೆ ಮಾಡಿಸಿ, ಈಗ ಮನೆಯಲ್ಲೇ ಮಾಡುವ ಚಿಕ್ಕ ಯಂತ್ರವೂ ಇದೆ. ಅವರು ದಪ್ಪ ಇಲ್ಲ ಅಂತ ಬಿಡಬೇಡಿ, ದವಡೆ ಚಿಕ್ಕದಿರುವ ತೆಳ್ಳಗಿನವರಿಗೂ ಬರುತ್ತದೆ. ಕಾಯಿಲೆ ಇದೆ ಅಂತಾದರೆ ರಾತ್ರಿ ಮೂಗಿಗೆ ಗಾಳಿ ಊದುವ ಸಿಪ್ಯಾಪ್ ಯಂತ್ರ ಕೊಡುತ್ತಾರೆ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಇದನ್ನು ಮೊದಲು ಮಾಡಿದಾಗ ವ್ಯಾಕ್ಯೂಮ್ ಕ್ಲೀನರಿನ ಮೋಟಾರ್ ಬಳಸಿದ್ದರಂತೆ, ಈಗಿನದು ಟಿಫಿನ್ ಡಬ್ಬಿಯಷ್ಟಿದೆ. ಇದನ್ನು ಹಾಕಿಕೊಂಡರೆ ಡಿಮೆನ್ಶಿಯಾ ಬರುವುದೇ ಇಲ್ಲ ಅಂತ ತೋರಿಸಿದ ದೊಡ್ಡ ಪ್ರಯೋಗ ಇನ್ನೂ ಇಲ್ಲ. ಅಂಗಡಿಯಲ್ಲಿ ತೂಕಡಿಕೆ ನಿಲ್ಲುವುದು ಮಾತ್ರ ಬಹಳ ಜನರಿಗೆ ವಾರದೊಳಗೇ ಗೊತ್ತಾಗುತ್ತದೆ. ಲೆಕ್ಕದ ಪುಸ್ತಕವೂ ಸುಧಾರಿಸಬಹುದು.

ನಿಮ್ಮ ನಿದ್ದೆ? ಅವರ ಗೊರಕೆ ನಿಂತ ಮೇಲೆ ಬರೆಯಿರಿ.

ಪ್ರಶ್ನೆ: ಅಪ್ಪನಿಗೆ 68. ಬೆಳಗಿನ ಜಾವ ನಿದ್ದೆಯಲ್ಲಿ ಕಿರುಚುತ್ತಾರೆ, ಯಾರನ್ನೋ ಒದೆಯುತ್ತಾರೆ. ಎಬ್ಬಿಸಿದರೆ ತೋಟಕ್ಕೆ ಹಂದಿ ನುಗ್ಗಿತ್ತು, ಓಡಿಸುತ್ತಿದ್ದೆ ಅನ್ನುತ್ತಾರೆ. ಮನೆಯಲ್ಲಿ ಗಾಳಿ ಸೋಕಿದೆ ಅಂತ ದಾರ ಕಟ್ಟಿಸಿದ್ದಾರೆ. — ಸಾಗರ

ಉತ್ತರ: ದಾರ ಇರಲಿ. ನರರೋಗ ತಜ್ಞರಿಗೂ ತೋರಿಸಿ.

ಕನಸು ಬೀಳುವಾಗ ಮೆದುಳು ಕೈಕಾಲಿನ ಫ್ಯೂಸ್ ತೆಗೆದಿರುತ್ತದೆ. ಅದಕ್ಕೇ ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಕಾಲು ಏಳುವುದಿಲ್ಲ. ಆ ಫ್ಯೂಸ್ ಕೆಲಸ ಬಿಟ್ಟರೆ ಕನಸಿನ ಹಂದಿಗೆ ಬಿದ್ದ ಒದೆ ಪಕ್ಕದಲ್ಲಿ ಮಲಗಿದವರಿಗೆ ಬೀಳುತ್ತದೆ. ಅಮೆರಿಕದ ಮಿನ್ನೆಸೋಟಾದ ವೈದ್ಯರು 1986ರಲ್ಲಿ ಇದನ್ನು ಬೇರೆಯದೇ ಕಾಯಿಲೆ ಅಂತ ಗುರುತಿಸಿದರು. ನನ್ನ ಬಳಿ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರ ಬಲಗೈ ಮಣಿಕಟ್ಟಿನಲ್ಲಿ ಕೆಂಪು ಗೆರೆ ಇತ್ತು. ಕೇಳಿದರೆ, ಹೆಂಡತಿಗೆ ಒಂದು ರಾತ್ರಿ ಹೊಡೆತ ಬಿದ್ದಾಗಿನಿಂದ ಕೈಯನ್ನು ಟವೆಲಿನಿಂದ ಮಂಚದ ಸರಳಿಗೆ ಕಟ್ಟಿಕೊಂಡು ಮಲಗುತ್ತಿದ್ದರು. ಎರಡು ವರ್ಷ. ಯಾರಿಗೂ ಹೇಳಿರಲಿಲ್ಲ, ಮರ್ಯಾದೆಯ ಪ್ರಶ್ನೆ.

ಇದನ್ನು ಹೇಗೆ ಮೆತ್ತಗೆ ಹೇಳುವುದು ಅಂತ ಯೋಚಿಸಿದೆ. ನೇರವಾಗಿಯೇ ಹೇಳುತ್ತೇನೆ. ಬೇರೆ ಕಾರಣ ಇಲ್ಲದೆ ಈ ತೊಂದರೆ ಬಂದ 1,280 ಜನರನ್ನು 24 ಕೇಂದ್ರಗಳಲ್ಲಿ ನೋಡಿದ 2019ರ ವರದಿ ಪ್ರಕಾರ, 12 ವರ್ಷದೊಳಗೆ ನೂರಕ್ಕೆ 73 ಜನರಿಗೆ ಕೈ ನಡುಗಿ ನಡಿಗೆ ನಿಧಾನವಾಗುವ ಪಾರ್ಕಿನ್ಸನ್ ಅಥವಾ ಅದರ ಹತ್ತಿರದ ನಂಟಿನ ಲೂಯಿ ಬಾಡಿ ಡಿಮೆನ್ಶಿಯಾ ಜಾತಿಯ ಕಾಯಿಲೆ ಬರುವ ಅಂದಾಜು ಇದೆ. ಇಲ್ಲಿ ನಿದ್ದೆ ಕಾಯಿಲೆಗೆ ಕಾರಣ ಅಲ್ಲ, ಕಾಯಿಲೆ ಮೊದಲು ತಲೆ ತೂರಿಸಿದ ಕಿಟಕಿ. ಇದನ್ನು ರೋಗಿಗೆ ಹೇಳಬೇಕೋ ಬೇಡವೋ ಅಂತ ನಮ್ಮಲ್ಲೇ ಚರ್ಚೆ ಇದೆ. ನಾನು ಹೇಳುವ ಪಕ್ಷ, ತೋಟ ಮನೆ ಹಣಕಾಸು ಎಲ್ಲ ಸರಿ ಮಾಡಿಕೊಳ್ಳಲು ವರ್ಷಗಳು ಸಿಗುತ್ತವಲ್ಲ.

ಆದರೆ ಮೊದಲು ಅದೇ ಹೌದಾ ಅಂತ ಗೊತ್ತಾಗಲಿ. ಕೆಲವು ಖಿನ್ನತೆಯ ಮಾತ್ರೆಗಳಿಂದಲೂ ಹೀಗಾಗುತ್ತದೆ, ಆಪ್ನಿಯಾ ಇದ್ದವರೂ ಹೀಗೇ ಒದ್ದಾಡುತ್ತಾರೆ. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಸ್ಲೀಪ್ ಸ್ಟಡಿ ಮಾಡದೆ ತೀರ್ಮಾನ ಬೇಡ. ಅಲ್ಲಿಯವರೆಗೆ ಹಾಸಿಗೆ ನೆಲಕ್ಕೆ ಇಳಿಸಿ, ಅಮ್ಮ ಬೇರೆ ಮಲಗಲಿ, ಹಾಸಿಗೆ ಹತ್ತಿರ ಕತ್ತಿ, ಟಾರ್ಚು, ಹಿತ್ತಾಳೆ ಚೊಂಬು ಏನೂ ಬೇಡ. ಮೂಗಿಗೆ ವಾಸನೆ ಗೊತ್ತಾಗುತ್ತಾ, ಮಲಬದ್ಧತೆ ಇದೆಯಾ ಅಂತಲೂ ಕೇಳಿಟ್ಟುಕೊಳ್ಳಿ, ಡಾಕ್ಟರ್ ಕೇಳುತ್ತಾರೆ.

ಪ್ರಶ್ನೆ: ಮಧ್ಯಾಹ್ನ ಗಂಜಿ ಊಟ ಮಾಡಿ ಒಂದು ನಿದ್ದೆ ಹೊಡೆಯುವುದು ನಮ್ಮ ಕಡೆ ವಾಡಿಕೆ. ಅದೂ ತಪ್ಪಾ? — ಪುತ್ತೂರು

ಉತ್ತರ: ತಪ್ಪಲ್ಲ. ಅರ್ಧ ಗಂಟೆ, ಮೂರರೊಳಗೆ ಮುಗಿಸಿ. ಮೊದಲಿನಿಂದ ಮಲಗುತ್ತಿದ್ದವರು ಮಲಗಲಿ. ಮೊದಲು ಮಲಗದೇ ಇದ್ದ ಎಪ್ಪತ್ತರ ಹಿರಿಯರು ಈಗ ಮಧ್ಯಾಹ್ನ ಎರಡು ಗಂಟೆ, ರಾತ್ರಿ ಹತ್ತು ಗಂಟೆ ಮಲಗಲು ಶುರು ಮಾಡಿದರೆ ಸುಮ್ನಿರಬೇಡಿ. ನಿದ್ದೆ ದಿಢೀರ್ ಜಾಸ್ತಿಯಾಗುವುದೂ ಒಂದು ಸೂಚನೆ. ಫ್ರೇಮಿಂಗ್‌ಹ್ಯಾಮ್‌ನಲ್ಲೇ, ಒಂಬತ್ತು ಗಂಟೆಗಿಂತ ಜಾಸ್ತಿ ಮಲಗುವ ಹಿರಿಯರಿಗೆ ಮುಂದಿನ ಹತ್ತು ವರ್ಷದಲ್ಲಿ ಡಿಮೆನ್ಶಿಯಾ ಅಪಾಯ ಸುಮಾರು ಎರಡು ಪಟ್ಟು ಕಂಡಿತ್ತು. ಥೈರಾಯ್ಡ್, ಬಿ12, ಖಿನ್ನತೆ ಮೂರನ್ನೂ ನೋಡಿಸಿ. ಈ ಮೂರೂ ಮರೆವಿನ ವೇಷ ಹಾಕುತ್ತವೆ, ಮೂರಕ್ಕೂ ಔಷಧಿ ಇದೆ. ಅರವತ್ತಕ್ಕೆ ಅರಳು ಮರಳು ಅನ್ನುವ ಗಾದೆಯಿಂದ ಆದಷ್ಟು ನಷ್ಟ ಬೇರೆ ಯಾವ ಗಾದೆಯಿಂದಲೂ ಆಗಿಲ್ಲ ಅಂತ ನನಗೆ ಅನಿಸುತ್ತದೆ.

ಪ್ರಶ್ನೆ: ನನಗೆ 71. ಗಂಡ ತೀರಿಕೊಂಡಾಗ ಡಾಕ್ಟರ್ ಹದಿನೈದು ದಿನಕ್ಕೆ ಅಂತ ಆಲ್ಪ್ರಝೋಲಾಂ ಬರೆದುಕೊಟ್ಟರು. ಹನ್ನೊಂದು ವರ್ಷವಾಯಿತು. ಮೆಡಿಕಲ್ ಶಾಪಿನವನು ಅದೇ ಹಳೇ ಚೀಟಿಗೆ ಕೊಡುತ್ತಾನೆ. ನಿದ್ದೆ ಮಾತ್ರೆಯಿಂದಲೇ ಮರೆವು ಬರುತ್ತದೆ ಅಂತ ಸೊಸೆ ಹೆದರಿಸಿದಳು, ಇವತ್ತಿನಿಂದ ನಿಲ್ಲಿಸಬೇಕು ಅಂತಿದ್ದೇನೆ. — ಮೈಸೂರು

ಉತ್ತರ: ಇವತ್ತಿನಿಂದ ಬೇಡ! ಹನ್ನೊಂದು ವರ್ಷದ ಮಾತ್ರೆಯನ್ನು ಒಂದೇ ದಿನಕ್ಕೆ ಬಿಟ್ಟರೆ ಕೈ ನಡುಕ, ಗಾಬರಿ, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತದೆ. ಡಾಕ್ಟರ್ ಹತ್ತಿರ ಕೂತು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ನಿಮ್ಮ ಸೊಸೆ ಹೇಳಿದ್ದರಲ್ಲಿ ಅರ್ಧ ಸತ್ಯ. ಈ ಜಾತಿಯ ಮಾತ್ರೆಗೂ ಡಿಮೆನ್ಶಿಯಾಕ್ಕೂ ನಂಟಿದೆ ಅಂತ ಕೆಲವು ಅಧ್ಯಯನ, ಇಲ್ಲ ಅಂತ ಕೆಲವು. ಡಿಮೆನ್ಶಿಯಾ ಶುರುವಾಗುವ ಮೊದಲೇ ಆತಂಕ, ನಿದ್ದೆಗೇಡು ಬರುವುದರಿಂದ ಮಾತ್ರೆ ಮೇಲೆ ಸುಮ್ನೆ ಅಪವಾದ ಬಂದಿರಲೂಬಹುದು. ಆದರೆ ಬೀಳುವ ವಿಷಯದಲ್ಲಿ ಅನುಮಾನ ಇಲ್ಲ. ರಾತ್ರಿ ಎರಡಕ್ಕೆ ಬಾತ್‌ರೂಮಿಗೆ ಎದ್ದ ಎಪ್ಪತ್ತು ದಾಟಿದವರು ಮಂಪರಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವುದನ್ನು ಪ್ರತಿ ವರ್ಷ ನೋಡುತ್ತೇನೆ. ಹಾಸಿಗೆ ಹಿಡಿದ ಮೇಲೆ ಬುದ್ಧಿ ಎಷ್ಟು ಬೇಗ ಮಸುಕಾಗುತ್ತದೆ ಅನ್ನುವುದನ್ನೂ.

ಅದಕ್ಕಿಂತ ನನಗೆ ಜಾಸ್ತಿ ಚಿಂತೆ, ನಿದ್ದೆ ಬರಲಿ ಅಂತ ದಿನಾ ನುಂಗುವ ಶೀತದ ಮಾತ್ರೆ, ತುರಿಕೆ ಮಾತ್ರೆಗಳದ್ದು. ಡೈಫೆನ್‌ಹೈಡ್ರಮಿನ್ ಅಂಥವು ನೆನಪಿಗೆ ಬೇಕಾದ ರಾಸಾಯನಿಕವನ್ನೇ ತಡೆಯುತ್ತವೆ. ಸಿಯಾಟಲ್ ನಗರದಲ್ಲಿ 65 ದಾಟಿದ 3,434 ಜನರನ್ನು ನೋಡಿದ 2015ರ ಅಧ್ಯಯನದಲ್ಲಿ, ಇಂಥವನ್ನು ವರ್ಷಗಟ್ಟಲೆ ಜಾಸ್ತಿ ತೆಗೆದುಕೊಂಡವರಲ್ಲಿ ಡಿಮೆನ್ಶಿಯಾ ಜಾಸ್ತಿ ಕಂಡಿತು. ನಿಮ್ಮ ಮಾತ್ರೆ ಡಬ್ಬಿಯನ್ನು ಪೂರ್ತಿ ಡಾಕ್ಟರ್ ಮುಂದೆ ಸುರಿಯಿರಿ.

ಮತ್ತೆ, ಹಳೇ ಚೀಟಿಗೆ ಮಾತ್ರೆ ಕೊಡುವುದು ಕಾನೂನಿಗೆ ವಿರುದ್ಧ. ಇದು ಎಚ್1 ಪಟ್ಟಿಯ ಔಷಧಿ, ಕೊಟ್ಟದ್ದನ್ನೆಲ್ಲ ಅಂಗಡಿಯವನು ಪುಸ್ತಕದಲ್ಲಿ ಬರೆದಿಡಬೇಕು. ಅವನು ಒಳ್ಳೆಯವನೇ ಇರಬಹುದು. ಆದರೂ.

ಮಾತ್ರೆ ಇಳಿಸುವಾಗ ನಿದ್ದೆ ಬರುವವರೆಗೆ ಹಾಸಿಗೆಗೆ ಹೋಗಬೇಡಿ. ಒಂಬತ್ತಕ್ಕೆ ದೀಪ ಆರಿಸಿ ಹನ್ನೆರಡರವರೆಗೆ ಹೊರಳಾಡುವ ಬದಲು ಹನ್ನೊಂದಕ್ಕೇ ಮಲಗಿ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಕುರ್ಚಿಯಲ್ಲಿ ಕೂತು ಜಪಸರ ಹಿಡಿಯಿರಿ, ಜೊಂಪು ಬಂದಾಗ ವಾಪಸ್. ಬೆಳಗ್ಗೆ ಏಳುವ ಟೈಮ್ ಮಾತ್ರ ದಿನವೂ ಒಂದೇ. ಮೊದಲ ಎರಡು ವಾರ ನನ್ನನ್ನು ಬೈದುಕೊಳ್ಳುತ್ತೀರಿ. ಸಂಜೆ ನಾಲ್ಕರ ಕಾಫಿಯನ್ನು ಮಧ್ಯಾಹ್ನ ಎರಡಕ್ಕೆ ತನ್ನಿ. ಮೈಸೂರಿನವರಿಗೆ ಕಾಫಿ ಬಿಡಿ ಅನ್ನುವ ಧೈರ್ಯ ನನಗಿಲ್ಲ.

ಪ್ರಶ್ನೆ: ನಾನು ಪೊಲೀಸ್ ಕಾನ್‌ಸ್ಟೇಬಲ್. ವಾರ ಬಿಟ್ಟು ವಾರ ನೈಟ್. ಏಳೆಂಟು ಗಂಟೆ ಮಲಗಿ ಅಂತ ನೀವು ಬರೆಯುವುದು ಸುಲಭ. ನಮ್ಮಂಥವರ ಗತಿ ಏನು? — ಕಲಬುರಗಿ

ಉತ್ತರ: ನಿಜ, ಬರೆಯುವುದು ಸುಲಭ. ನೈಟ್ ಡ್ಯೂಟಿಗೂ ಡಿಮೆನ್ಶಿಯಾಕ್ಕೂ ನಂಟಿನ ಬಗ್ಗೆ ಫಲಿತಾಂಶಗಳು ಒಂದೇ ರೀತಿ ಇಲ್ಲ, ಅದಕ್ಕೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ನಿಮಗೆ ಹತ್ತಿರದ ಅಪಾಯ ಬೆಳಗ್ಗೆ ಬೈಕಿನಲ್ಲಿ ಮನೆಗೆ ಹೋಗುವ ದಾರಿ. ಕಣ್ಣು ಎಳೆಯುತ್ತಿದ್ದರೆ ಠಾಣೆಯಲ್ಲೇ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಆಮೇಲೆ ಹೊರಡಿ. ಡ್ಯೂಟಿಯ ಕೊನೆಯ ನಾಲ್ಕೈದು ಗಂಟೆ ಚಹಾ ಬೇಡ. ಮನೆಯಲ್ಲಿ ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ನಿಮ್ಮೂರಿನ ಬಿಸಿಲಿಗೆ ಪರದೆ ಸಾಲದು. ಆ ಹೊತ್ತಿನಲ್ಲಿ ನೆಂಟರು, ಕೊರಿಯರ್, ಫೋನ್ ಯಾವುದಕ್ಕೂ ಎಬ್ಬಿಸಬಾರದು ಅಂತ ಮನೆಯವರಿಗೆ ಹೇಳಿ. ವರ್ಷಕ್ಕೊಮ್ಮೆ ಬಿಪಿ, ಶುಗರ್. ಉಳಿದದ್ದು ನಿಮ್ಮ ರೋಸ್ಟರ್ ಹಾಕುವವರ ಕೈಯಲ್ಲಿದೆ, ಅವರು ಈ ಅಂಕಣ ಓದಿದರೆ ಒಳ್ಳೆಯದು.

ಪ್ರಶ್ನೆ: ಅಮ್ಮನಿಗೆ 79, ಅಲ್ಝೈಮರ್. ಹಗಲೆಲ್ಲ ತೂಕಡಿಸುತ್ತಾರೆ, ಸಂಜೆ ಐದಾದರೆ ಮನೆಗೆ ಹೋಗಬೇಕು ಅಂತ ಹಟ, ರಾತ್ರಿ ಮೂರು ಸಲ ಎದ್ದು ಚಿಲಕ ತೆಗೆಯುತ್ತಾರೆ. ನಾನು ಒಬ್ಬಳೇ ನೋಡಿಕೊಳ್ಳುವುದು. ನಾಲ್ಕು ವರ್ಷದಿಂದ ಸರಿಯಾಗಿ ಮಲಗಿಲ್ಲ. ಈಗ ಈ ಲೇಖನಗಳನ್ನು ಓದಿದರೆ ನನಗೂ ಅದೇ ಬರುತ್ತದೆ ಅನಿಸುತ್ತದೆ. — ಶಿವಮೊಗ್ಗ

ಉತ್ತರ: ಕಣ್ಣಿನಿಂದ ಬೆಳಕಿನ ಸುದ್ದಿ ತಿಳಿದು ಹಗಲು ರಾತ್ರಿ ಲೆಕ್ಕ ಇಡುವ ಒಂದು ಪುಟ್ಟ ಗಡಿಯಾರ ಮೆದುಳಿನ ನಡುವೆ ಇದೆ. ಅಲ್ಝೈಮರ್ ಅದನ್ನೂ ತಿನ್ನುತ್ತದೆ. ಹಾಗಾಗಿ ಅಮ್ಮನದು ಹಟ ಅಲ್ಲ, ಮುಳ್ಳು ಕಳಚಿದ ಗಡಿಯಾರ. ಬೆಳಗ್ಗೆ ಎಂಟರ ಬಿಸಿಲಿನಲ್ಲಿ ಅರ್ಧ ಗಂಟೆ ಜಗಲಿಯಲ್ಲಿ ಕೂರಿಸಿ. ಹಗಲಿನ ತೂಕಡಿಕೆಯನ್ನು ಏನಾದರೂ ಕೈಕೆಲಸ ಕೊಟ್ಟು ಕಡಿಮೆ ಮಾಡಿ. ಕತ್ತಲಾಗುವ ಮೊದಲೇ ಎಲ್ಲ ದೀಪ ಹಾಕಿ, ನೆರಳು ಬೀಳದ ಹಾಗೆ. ಒಂದೇ ಸಲಕ್ಕೆ ಜಾಸ್ತಿಯಾದರೆ ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ನೋವು ಇದೆಯಾ ನೋಡಿ, ಅವರಿಗೆ ಹೇಳಲು ಬರುವುದಿಲ್ಲ. ಚಿಲಕವನ್ನು ಬಾಗಿಲಿನ ತೀರಾ ಕೆಳಗೆ ಹಾಕಿಸಿ, ಅಲ್ಲಿ ಹುಡುಕಬೇಕು ಅಂತ ಅವರಿಗೆ ಹೊಳೆಯುವುದಿಲ್ಲ. ಆದರೆ ನೀವು ಅದೇ ಮನೆಯಲ್ಲಿ ಇರಬೇಕು, ಒಳಗೆ ಹಾಕಿ ಹೋಗಬೇಡಿ.

ನಿಮಗೆ ಬರುತ್ತದಾ? ನಾಲ್ಕು ವರ್ಷದ ನಿದ್ದೆಗೇಡು ಒಂದಕ್ಕೇ ಅಲ್ಝೈಮರ್ ಬರುತ್ತದೆ ಅನ್ನಲು ಆಧಾರ ಇಲ್ಲ. ಆದರೆ ಖಿನ್ನತೆ ಬರುತ್ತದೆ, ಬಿಪಿ ಬರುತ್ತದೆ, ಅದು ಬಂದಾಗಿದೆಯೇನೋ ಅಂತ ನಿಮ್ಮ ಪತ್ರದ ಎರಡನೇ ಪುಟ ಓದುವಾಗ ಅನಿಸಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಉಚಿತ. ಜಿಲ್ಲಾಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಇದೆಯಾ ವಿಚಾರಿಸಿ, ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕೆಲವು ಕಡೆ ತೆರೆದಿವೆ. ವಾರಕ್ಕೆ ಎರಡು ರಾತ್ರಿ ಯಾರಾದರೂ ಬಂದು ಅಮ್ಮನ ಪಕ್ಕ ಮಲಗಲಿ. ಅಣ್ಣ ಬೆಂಗಳೂರಿನಲ್ಲಿದ್ದಾನೆ ಅಂತ ಬರೆದಿದ್ದೀರಿ. ಅವನು ದುಡ್ಡು ಕಳಿಸುತ್ತಾನೆ ಸರಿ. ಎರಡು ರಾತ್ರಿ ಕಳಿಸಲಿ, ತಾನೇ ಬಂದು ಅಥವಾ ಸಂಬಳದ ಆಳನ್ನು ಗೊತ್ತುಮಾಡಿ.

ನಮ್ಮ ಮನೆಯ ಕಥೆಯೂ ಇದೇ ಆಗಿತ್ತು. ನನ್ನ ಅಮ್ಮ ದೀಪ ಹಚ್ಚುವ ಹೊತ್ತಿಗೆ ಎರಡು ಸೀರೆ, ಕುಂಕುಮದ ಭರಣಿ ಚೀಲಕ್ಕೆ ತುಂಬಿಕೊಂಡು ಹೊಸಿಲಲ್ಲಿ ಕೂರುತ್ತಿದ್ದಳು. ಕತ್ತಲಾಯ್ತು, ನಮ್ಮನೆಗೆ ಹೋಗ್ಬೇಕು ಅಂತ. ಇದೇ ನಿನ್ನ ಮನೆ, ಮೂವತ್ತು ವರ್ಷವಾಯಿತು, ನೋಡು ಅಪ್ಪನ ಫೋಟೋ ಅಂತ ನಾನು ದಿನವೂ ವಾದ ಮಾಡುತ್ತಿದ್ದೆ. ಊರಿಗೆಲ್ಲ ವಾದ ಮಾಡಬೇಡಿ ಅಂತ ಹೇಳುವ ಡಾಕ್ಟರ್ ನಾನು. ಅವಳು ಅಳುತ್ತಿದ್ದಳು, ರಾತ್ರಿಯಿಡೀ ಎಚ್ಚರ. ಕೊನೆಗೆ ದಾರಿ ತೋರಿಸಿದವಳು ಮನೆಕೆಲಸಕ್ಕೆ ಬರುತ್ತಿದ್ದ ಹೆಂಗಸು. ಒಂದು ಸಂಜೆ ಒಂದು ಪಾವು ಮಲ್ಲಿಗೆ ಮೊಗ್ಗು, ಬಾಳೆನಾರು ತಂದು ಅಮ್ಮನ ಮುಂದೆ ಹರವಿ, ಬರಿಗೈಲಿ ಹೋಗೋದಾ ಅವ್ವಾ, ಹೂ ಕಟ್ಟಿ ಮುಗಿಸಿ ಹೋಗೋಣ ಅಂದಳು. ಅಮ್ಮನಿಗೆ ನನ್ನ ಹೆಸರು ಬರುತ್ತಿರಲಿಲ್ಲ, ಬೆರಳಿಗೆ ಗಂಟು ಹಾಕುವುದು ಬರುತ್ತಿತ್ತು. ಮೊಳ ಮುಗಿಯುವಾಗ ಎಂಟು ಗಂಟೆ, ಊಟದ ಹೊತ್ತು, ಎಲ್ಲಿಗೆ ಹೋಗಬೇಕಿತ್ತು ಅನ್ನುವುದು ಮರೆತೇಹೋಗಿರುತ್ತಿತ್ತು. ಮೊಗ್ಗು ಸಿಗದ ದಿನ ಅವರೆಕಾಯಿ ಬಿಡಿಸಲು ಕೊಡುತ್ತಿದ್ದಳು.